ಮಲಗಿದ ದೇವರು

ನಮ್ಮ ಸೀಮೆಯ ದೇವರುಗಳು ಬಹುಮಟ್ಟಿಗೆ ಡ್ಯೂಟಿ ಮೇಲೆಯೇ ಇರುತ್ತಾರೆ. ನಾಗಮಂಗಲದ ಸೌಮ್ಯಕೇಶವ ನಿಂತಿದ್ದಾನೆ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಚೆಲುವನಾರಾಯಣನೂ ನಿಂತವನೇ. ಕೆ.ಆರ್. ಪೇಟೆ ಹತ್ತಿರದ ಹೊಸಹೊಳಲಿನಲ್ಲಿ ಲಕ್ಷ್ಮೀನರಸಿಂಹ ಹೆಂಡತಿಯೊಡನೆ ಕೂತಿದ್ದಾನೆ. ಶ್ರೀರಂಗಪಟ್ಟಣದ ರಂಗನಾಥ ಮಾತ್ರ ಕಾಲು ಚಾಚಿ ಮಲಗಿಬಿಟ್ಟಿದ್ದಾನೆ. ಕನ್ನಂಬಾಡಿಯ ಗೇಟು ತೆಗೆದು ಕಾವೇರಿ ಉಕ್ಕಿ ಬಂದಾಗ ಊರಿಗೆ ಊರೇ ಹೊಳೆ ನೋಡಲು ಓಡುತ್ತದೆ. ಅವನು ಮಗ್ಗುಲು ಬದಲಿಸುವುದಿಲ್ಲ. ರಾತ್ರಿಯಿಡೀ ಮಗ್ಗುಲು ಬದಲಿಸುವುದೇ ಉದ್ಯೋಗವಾದ ನನಗೆ ಅವನ ಮೇಲೆ ಭಕ್ತಿಗಿಂತ ಹೊಟ್ಟೆಕಿಚ್ಚೇ ಜಾಸ್ತಿ.

ಈ ಶ್ರೀರಂಗಪಟ್ಟಣ ದ್ವೀಪದಲ್ಲೇ ಇನ್ನೊಬ್ಬ ಮಲಗಿದ ದೇವರಿದ್ದಾನೆಂದು ತಿಳಿಸಿದವರು ಗಂಜಾಂನ ಒಬ್ಬ ಕ್ರಿಶ್ಚಿಯನ್ ಅಜ್ಜಿ. ಶುಭಸಂದೇಶದ ಕಥೆ. ಬಿರುಗಾಳಿ ಎದ್ದು ದೋಣಿಗೆ ನೀರು ನುಗ್ಗುತ್ತಿದೆ, ಯೇಸುಸ್ವಾಮಿಗೆ ಗಾಢನಿದ್ದೆ. ಮತ್ತಾಯ, ಲೂಕ ಇಬ್ಬರೂ ನಿದ್ದೆಯನ್ನಷ್ಟೇ ಬರೆದರು. ಮಾರ್ಕ ತಲೆದಿಂಬನ್ನೂ ಬಿಡಲಿಲ್ಲ. ನನ್ನ ಮಟ್ಟಿಗೆ ಅವನೇ ನಂಬಿಗಸ್ತ ವರದಿಗಾರ. ನಾವು ಸುಪ್ರಭಾತ ಹಾಡಿ ನಯವಾಗಿ ಎಬ್ಬಿಸುತ್ತೇವೆ. ಆ ಶಿಷ್ಯರು, ಅವರಲ್ಲೂ ಕೆಲವರು ನೀರಲ್ಲೇ ಬೆಳೆದ ಬೆಸ್ತರು, ದೂರು ಹೇಳಿಕೊಂಡೇ ಎಬ್ಬಿಸಿದರು.

ಅಜ್ಜಿಗೆ ಕಷ್ಟಗಳೇನು ಕಮ್ಮಿಯಿಲ್ಲ. ಗಂಡ ಹೋದ, ಕಬ್ಬಿನ ಸಾಲ ಉಳಿಯಿತು, ಬೆಂಗಳೂರು ಸೇರಿದ ಮಗ ಫೋನ್ ಎತ್ತುವುದಿಲ್ಲ. "ಗಾಳಿ ನಿಲ್ಸು ಅಂತ ನಾನು ಕೇಳಕಿಲ್ಲ ಕಣಪ್ಪ. ಆ ದಿಂಬು ಇತ್ತ ಕೊಡು ಅಂತೀನಿ" ಎನ್ನುತ್ತಾರೆ. ಕೈಯಲ್ಲಿ ಸವೆದು ಹೊಳಪೇರಿದ ಜಪಸರ. ಹರಿದ ಕಡೆ ಹೊಲಿಗೆ ದಾರದ ಗಂಟು. ಆ ಗಂಟು ಬೆರಳಿಗೆ ಸಿಕ್ಕಿದರೆ ಅದಕ್ಕೂ ಒಂದು ನಮೋ ಮರಿಯ ಹೇಳಿಬಿಡುತ್ತಾರೆ. ಸರ ಮುಗಿಯುವ ಮೊದಲೇ ಗೊರಕೆ.

ಈ ಊರು ಕಂಡ ಬಿರುಗಾಳಿಗಳ ಮುಂದೆ ನನ್ನ ನಿದ್ರಾಹೀನತೆ ಯಾವ ಲೆಕ್ಕ! 1784ರಲ್ಲಿ ಟಿಪ್ಪು ಕರಾವಳಿಯ ಕ್ಯಾಥೊಲಿಕರನ್ನು ಸೆರೆ ಹಿಡಿಸಿ, ಘಟ್ಟ ಹತ್ತಿಸಿ ಇಲ್ಲಿಗೆ ತರಿಸಿದ. ದಾರಿಯಲ್ಲೂ ಸೆರೆಯಲ್ಲೂ ಬಹಳ ಜನ ಸತ್ತರು. 1799ರ ಮೇ 4ರಂದು ಟಿಪ್ಪುವೂ ಬಿದ್ದ. ಬದುಕುಳಿದವರಲ್ಲಿ ಅನೇಕರು ಘಟ್ಟ ಇಳಿದು ಹೋಗಿ, ಕೆಡವಿದ್ದ ಇಗರ್ಜಿಗಳನ್ನು ಮತ್ತೆ ಎಬ್ಬಿಸಿದರು. ಇಲ್ಲಿ ಚೆದುರಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಲು ಬಂದವನು ಫ್ರೆಂಚ್ ಪಾದ್ರಿ ಅಬ್ಬೆ ದುಬ್ವಾ. ಪಾಂಡವಪುರಕ್ಕೆ ಫ್ರೆಂಚ್ ರಾಕ್ಸ್ ಎಂಬ ಹೆಸರು ತಂದ ಫ್ರೆಂಚರು ಹೈದರ್-ಟಿಪ್ಪುವಿನ ಸಿಪಾಯಿಗಳು; ಇವನು ಕೋವಿಯಿಲ್ಲದ ಫ್ರೆಂಚ. ಉಡುಗೆ ತೊಡುಗೆಯಲ್ಲಿ ಇಲ್ಲಿಯವನೇ ಆದ, ಸಿಡುಬಿಗೆ ಲಸಿಕೆ ಹಾಕಿಸಲು ಓಡಾಡಿದ. 1792ರಲ್ಲಿ ಭಾರತಕ್ಕೆ ಬಂದವನು 1823ರಲ್ಲಿ ಮರಳಿ ಹೋದ. ಹಿಂದೂಗಳು ಕ್ರೈಸ್ತರಾಗುವುದು ಆಗದ ಮಾತು ಎನ್ನುವ ಅವನ ಪುಸ್ತಕವೂ ಅದೇ ವರ್ಷ ಹೊರಬಂತು.

ಅಜ್ಜಿ ಭಾನುವಾರ ಹೋಗುವುದು ಅವನ ಹೆಸರಿನ ಚರ್ಚಿಗೇ. ಅವನು ಹೀಗೆ ಬರೆದ ವಿಷಯ ಅವರಿಗೆ ಗೊತ್ತಿರಲಿಲ್ಲ, ನಾನೇ ಹೇಳಿದೆ. ಬೇಸರವಾದೀತೆಂದು ಅಳುಕೂ ಇತ್ತು.

"ಪಾಪ, ಆವತ್ತು ರಾತ್ರಿ ನಿದ್ದೆ ಬಂದಿರಕಿಲ್ಲ ಬುಡಪ್ಪ" ಅಂದರು.