ರಾಯರ ಪೆಟ್ಟಿಗೆ ಅಳಿಸಿದ ದಿನ

ಕಂಪ್ಯೂಟರ್ ಕೆಟ್ಟರೆ ಜನಕ್ಕೆ ಸಿಟ್ಟು ಬರುತ್ತದೆ, ಇಮೇಲ್ ನಿಂತರೆ ಭಯವಾಗುತ್ತದೆ. ವರ್ಷವಿಡೀ ಸಾಲ ಬೇಕೇ, ಸೈಟು ಬೇಕೇ ಎಂಬ ಜಾಹೀರಾತು ಬಿಟ್ಟು ಬೇರೇನೂ ಬಾರದವರೂ ಅವತ್ತು ಮಾತ್ರ ‘ನನಗೊಂದು ಅರ್ಜೆಂಟ್ ಮೇಲ್ ಬರೋದಿತ್ತಲ್ಲ’ ಎಂದು ಶತಪಥ ತಿರುಗುತ್ತಾರೆ. ಸಣ್ಣಪುಟ್ಟ ಕಚೇರಿಗಳ ಸರ್ವರ್ ನೋಡಿಕೊಳ್ಳುವ ನನ್ನಂಥವರಿಗೆ ಆಗ ಬೆಲೆ ಬರುತ್ತದೆ.

ಪೀಣ್ಯದ ಒಂದು ಕಾರ್ಖಾನೆಯಿಂದ ಫೋನು ಬಂದದ್ದೂ ಹೀಗೆಯೇ. ಅಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದ ರಾಯರು ನಿವೃತ್ತರಾಗಿದ್ದರು. ಹಾರ ಹಾಕಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಕಳಿಸಿದ ಮೇಲೆ, ಅವರ ಇಮೇಲ್ ಪೆಟ್ಟಿಗೆ ಡಿಸ್ಕ್‌ನಲ್ಲಿ ವಿಪರೀತ ಜಾಗ ತಿಂದಿರುವುದು ಮಾಲೀಕರ ಕಣ್ಣಿಗೆ ಬಿತ್ತು. ‘ತೆಗೆದುಬಿಡಪ್ಪ’ ಎಂದರು. ಆಫೀಸಿನ ಹುಡುಗ ಬೆಳಿಗ್ಗೆ ಬಂದವನೇ ಅಳಿಸುವ ಆಜ್ಞೆ ಕೊಟ್ಟು ಕಾಫಿಗೆ ಹೋದ. ಅವನು ವಾಪಸು ಬರುವಷ್ಟರಲ್ಲಿ ಯಾರಿಗೂ ಮೇಲ್ ಇಲ್ಲ.

ನಾನು ಹೋಗಿ ಮೊದಲು ಪಿಂಗ್ ಮಾಡಿದೆ. ಸರ್ವರ್ ಓಗೊಟ್ಟಿತು. ಟೆಲ್‌ನೆಟ್‌ನಲ್ಲಿ 25ನೇ ಪೋರ್ಟು ತಟ್ಟಿದೆ. ಬಾಗಿಲೇನೋ ತೆರೆಯಿತು, ಆದರೆ 220 ಎಂದು ಶುರುವಾಗಬೇಕಿದ್ದ ಸ್ವಾಗತದ ಸಾಲು ಬರಲೇ ಇಲ್ಲ. ಒಳಗೆ ಹೊಕ್ಕು ನೋಡಿದರೆ ಸಿಪಿಯು ಹೆಚ್ಚುಕಡಿಮೆ ಖಾಲಿ ಕೂತಿದೆ, ಲೋಡ್ ಮಾತ್ರ ಆಕಾಶಕ್ಕೇರಿದೆ. ಈ ಲಕ್ಷಣ ಕಂಡರೆ ಡಿಸ್ಕ್ ಕಡೆ ತಿರುಗಬೇಕು. ಅಲ್ಲಿಯ ಸರ್ವರ್ ಮೇಲ್‌ಡಿರ್ ಪದ್ಧತಿಯದು, ಅಂದರೆ ಒಂದೊಂದು ಪತ್ರಕ್ಕೂ ಒಂದೊಂದು ಫೈಲು. ರಾಯರು ನಟ್ಟು ಬೋಲ್ಟಿನ ಕೊಟೇಶನ್ ಬಂದರೂ ಎಸೆದವರಲ್ಲ, ಫೈಲುಗಳು ಲಕ್ಷಗಟ್ಟಲೆ. ಡಿಸ್ಕೋ, ನಿಮಿಷಕ್ಕೆ 7200 ಸುತ್ತು ತಿರುಗುವ ಹಳೆಯ ಕಾಲದ್ದು. ಅಲ್ಲೊಂದು ಇಲ್ಲೊಂದು ಚದುರಿದ ಕೆಲಸ ಕೊಟ್ಟರೆ ಸೆಕೆಂಡಿಗೆ ನೂರರ ಆಸುಪಾಸು ಮುಗಿಸುವುದೇ ಅದಕ್ಕೆ ಸಾಹಸ. ಅದು ರಾಯರನ್ನು ಅಳಿಸುವುದರಲ್ಲಿ ಮುಳುಗಿದ್ದರಿಂದ ಉಳಿದವರ ಪತ್ರ ತೆಗೆದುಕೊಡಲು ಅದಕ್ಕೆ ಪುರುಸೊತ್ತಿರಲಿಲ್ಲ.

ಡಿಸ್ಕ್‌ನ ಉತ್ತರಕ್ಕೆ ಹೀಗೆ ಕಾದು ನಿಂತ ಪ್ರೋಗ್ರಾಮುಗಳ ಮುಂದೆ ಲಿನಕ್ಸ್ ‘ಡಿ’ ಎಂಬ ಅಕ್ಷರ ತೋರಿಸುತ್ತದೆ. ಪಾಸ್‌ಬುಕ್ಕನ್ನು ಕೌಂಟರಿನ ಒಳಗೆ ಕೊಟ್ಟು ಹೊರಗೆ ನಿಂತವರ ಪಾಡು ಅವುಗಳದು. ಕೆಲಸ ಆಗದು, ಬಿಟ್ಟು ಹೋಗುವಂತಿಲ್ಲ. ಆ ಸ್ಥಿತಿಯಲ್ಲಿರುವಷ್ಟು ಹೊತ್ತು ‘ಕಿಲ್ ಮೈನಸ್ ನೈನ್’ ಎಂಬ ಬ್ರಹ್ಮಾಸ್ತ್ರವೂ ನಾಟುವುದಿಲ್ಲ.

‘ಒಂದ್ಸಲ ಆಫ್ ಮಾಡಿ ಆನ್ ಮಾಡಿಬಿಡ್ರೀ’ ಎಂದರು ಮಾಲೀಕರು ಹಿಂದಿನಿಂದ.

‘ಸ್ವಲ್ಪ ತಡೀರಿ ಸಾರ್.’

ನಡುವೆ ಕರೆಂಟು ಕಿತ್ತರೆ ಮತ್ತೆ ಏಳುವಾಗ ಡಿಸ್ಕ್ ತನ್ನನ್ನು ತಾನೇ ತಪಾಸಣೆ ಮಾಡಿಕೊಳ್ಳಲು ಕೂತರೂ ಕೂತೀತು. ಆಮೇಲೆ ಸಂಜೆಯವರೆಗೂ ಕೈಕಟ್ಟಿ ನಿಲ್ಲಬೇಕು. ಅಳಿಸುವ ಕೆಲಸ ನಡುವೆ ಉಸಿರು ಬಿಟ್ಟಾಗ ಅದನ್ನು ನಿಲ್ಲಿಸಿ, ಉಳಿದ ಪೆಟ್ಟಿಗೆಯ ಹೆಸರು ಬದಲಿಸಿ ಪಕ್ಕಕ್ಕಿಟ್ಟೆ. ಒಂದೇ ಡಿಸ್ಕ್‌ನೊಳಗೆ ಹೆಸರು ಬದಲಿಸಲು ಕ್ಷಣವೂ ಬೇಡ, ಒಳಗೆ ಎಷ್ಟೇ ಲಕ್ಷ ಫೈಲಿರಲಿ. ಜಾಣರು ಮೊದಲು ಹೆಸರು ಬದಲಿಸುತ್ತಾರೆ, ರಾತ್ರಿ ಎಲ್ಲರೂ ಮನೆಗೆ ಹೋದ ಮೇಲೆ ನಿಧಾನವಾಗಿ ಅಳಿಸುತ್ತಾರೆ.

ಪಕ್ಕಕ್ಕಿಟ್ಟಾಗ ಫೈಲುಗಳ ಹೆಸರಿನ ಮೇಲೆ ಕಣ್ಣಾಡಿತು. ಮೇಲ್‌ಡಿರ್‌ನಲ್ಲಿ ಪ್ರತಿ ಹೆಸರಿಗೂ ಒಂದು ಬಾಲ. ಪತ್ರ ನೋಡಿದ್ದರೆ ‘ಎಸ್’, ಉತ್ತರ ಬರೆದಿದ್ದರೆ ‘ಆರ್’. ರಾಯರ ಫೈಲುಗಳು ಸಾಲುಸಾಲಾಗಿ ಆರ್‌ಎಸ್, ಆರ್‌ಎಸ್, ಆರ್‌ಎಸ್. ಅವರು ಪ್ರತಿಯೊಂದಕ್ಕೂ ಉತ್ತರ ಬರೆದಿದ್ದರು, ನಟ್ಟು ಬೋಲ್ಟಿನವನಿಗೂ. ಪಕ್ಕದಲ್ಲೇ ಇದ್ದ ಮಾಲೀಕರ ಪೆಟ್ಟಿಗೆಯಲ್ಲಿ ಮೇಲಿನಿಂದ ಕೆಳಗಿನವರೆಗೆ ಬರೀ ಎಸ್. ನಾನು ಏನೂ ಹೇಳಲಿಲ್ಲ. ಬಿಲ್ಲು ಪಾಸು ಮಾಡುವವರು ಅವರೇ.

ಅವರ ಚಿಂತೆ ಬೇರೆ ಇತ್ತು. ‘ಬೆಳಿಗ್ಗೆಯಿಂದ ಬಂದ ಮೇಲೆಲ್ಲ ಹೋಯ್ತಲ್ರೀ?’ ಹೋಗಿರಲಿಲ್ಲ. ಇಮೇಲ್ ಲೋಕ ನಮಗಿಂತ ಸಹನೆಯುಳ್ಳದ್ದು. 1982ರಲ್ಲಿ ಜಾನ್ ಪೋಸ್ಟೆಲ್ ಬರೆದ ನಿಯಮಾವಳಿಯಿಂದಲೂ ಸರ್ವರ್‌ಗಳು ಅಂಕಿಗಳಲ್ಲಿ ಮಾತಾಡುತ್ತವೆ. 4ರಿಂದ ಶುರುವಾದರೆ ‘ಈಗ ಆಗದು, ಆಮೇಲೆ ಬನ್ನಿ’. 5ರಿಂದ ಶುರುವಾದರೆ ‘ಆಗುವುದೇ ಇಲ್ಲ, ಹೋಗಿ’. ಉತ್ತರವೇ ಬಾರದಿದ್ದರೂ ಕಳಿಸಿದ ಸರ್ವರ್ ಪತ್ರ ಇಟ್ಟುಕೊಂಡು ಮತ್ತೆ ಮತ್ತೆ ಬರುತ್ತದೆ; ಕೈಬಿಡುವ ಮುನ್ನ ನಾಲ್ಕೈದು ದಿನವಾದರೂ ಕಾಯಬೇಕೆಂಬುದು ಇಂದಿನ ನಿಯಮ. ಅಂದರೆ ಸರ್ವರ್ ಬಾಯಿ ಮುಚ್ಚಿದ್ದಾಗ ಅಪಾಯವಿಲ್ಲ. ಅರೆಬರೆ ಎಚ್ಚರದಲ್ಲಿ ಎದ್ದು, ಯಾರ ಹೆಸರೂ ನೆನಪಿಲ್ಲದೆ ಬಂದವರಿಗೆಲ್ಲ 550, ‘ಅಂಥವರು ಇಲ್ಲಿಲ್ಲ’ ಎಂದಾಗಲೇ ಕೆಡುವುದು. ಪತ್ರ ಆ ಕ್ಷಣವೇ ತಿರುಗಿ ಹೋಗುತ್ತದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಅಲ್ಲಿಯ ಮೇಲ್ ಪ್ರೋಗ್ರಾಮು ಪೋಸ್ಟ್‌ಫಿಕ್ಸ್. ಅದನ್ನು ಬರೆದವರಿಗೆ ಇದು ಚೆನ್ನಾಗಿ ಗೊತ್ತಿತ್ತು. ‘ಸಾಫ್ಟ್ ಬೌನ್ಸ್’ ಎಂಬ ಒಂದು ಸಾಲು ಹಾಕಿದರೆ ಸರ್ವರ್ 5 ಎನ್ನಬೇಕಾದಲ್ಲೆಲ್ಲ 4 ಎನ್ನುತ್ತದೆ. ಅದನ್ನು ಹಾಕಿಯೇ ಬಾಗಿಲು ತೆರೆದೆ, ಎಲ್ಲ ಸರಿಯಿದೆ ಎಂದು ಖಾತ್ರಿಯಾದ ಮೇಲೆ ತೆಗೆದೆ. ಮನುಷ್ಯರಿಗೂ ಇಂಥದೊಂದು ಸಾಲು ಇದ್ದಿದ್ದರೆ ಎಷ್ಟೋ ಮನೆಗಳಲ್ಲಿ ಆಸ್ತಿ ಪಾಲಾಗುತ್ತಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮೇಲ್ ಹರಿಯಿತು. ಸ್ಟೋರ್ಸ್‌ಗೆ ಬರುವ ಪತ್ರಗಳನ್ನು ಹೊಸಬರ ಪೆಟ್ಟಿಗೆಗೆ ತಿರುಗಿಸಿದೆವು. ಆಗ ಲಾಗ್‌ನಲ್ಲಿ ಇನ್ನೊಂದು ಕಂಡಿತು. ಪ್ರತಿ ಇಮೇಲ್ ಸರ್ವರ್‌ಗೂ ‘ಪೋಸ್ಟ್‌ಮಾಸ್ಟರ್’ ಎಂಬ ವಿಳಾಸ ಇರಲೇಬೇಕು, ಅದಕ್ಕೆ ಬಂದದ್ದನ್ನು ಒಬ್ಬ ಮನುಷ್ಯ ಓದಬೇಕು ಎಂಬುದೂ ಹಳೆಯ ಕಟ್ಟಳೆ. ಸರ್ವರ್ ತನ್ನ ಕಷ್ಟಸುಖ ಹೇಳಿಕೊಳ್ಳುವುದು ಆ ವಿಳಾಸಕ್ಕೆ. ಇಲ್ಲಿ ಆ ಪತ್ರಗಳೆಲ್ಲ ಹೋಗುತ್ತಿದ್ದುದು ರಾಯರಿಗೆ! ಸರ್ವರ್ ಕೂರಿಸಿದ ದಿನ ಯಾರದೋ ಒಂದು ಹೆಸರು ಬೇಕಿತ್ತು, ಅವರು ಸೀಟಿನಲ್ಲಿದ್ದರು, ಅಷ್ಟೇ. ಡಿಸ್ಕ್ ತುಂಬುತ್ತಿದೆ ಎಂದು ಸರ್ವರ್ ಅವರಿಗೆ ಬರೆಯುತ್ತಿತ್ತು, ಅವರು ನಾಲ್ಕು ಮಂದಿಗೆ ಹೇಳಿ ಸರಿ ಮಾಡಿಸುತ್ತಿದ್ದರು.

ಆ ಜಾಗಕ್ಕೆ ಈಗ ಯಾರು? ಅಕೌಂಟ್ಸ್‌ನವರು ಪರ್ಚೇಸ್ ಕಡೆ ನೋಡಿದರು, ಪರ್ಚೇಸ್‌ನವರು ಗಡಿಯಾರ ನೋಡಿದರು. ‘ನನಗೇ ಹಾಕ್ರೀ’ ಎಂದರು ಮಾಲೀಕರು ಬೇಸತ್ತು. ಹಾಕಿದೆ.

ಮುಂದಿನ ವಾರ ಅವರ ಫೋನು. ‘ಯಾರ್ರೀ ಅವನು ಮೇಲರ್ ಡೀಮನ್? ದಿನಾ ಇಂಗ್ಲಿಷಿನಲ್ಲಿ ಏನೇನೋ ಬರೀತಾನೆ. ಇನ್ನು ಮೇಲೆ ಬರೀಬೇಡ ಅಂತ ಖಡಕ್ಕಾಗಿ ಉತ್ತರ ಕೊಟ್ಟಿದ್ದೀನಿ, ಜವಾಬೇ ಇಲ್ಲ.’

ನೋಡಿದೆ. ಮಾಲೀಕರ ಪೆಟ್ಟಿಗೆಯಲ್ಲಿ ಮೊಟ್ಟಮೊದಲ ‘ಆರ್’ ಮೂಡಿತ್ತು. ಮೇಲರ್ ಡೀಮನ್ ಎಂಬುದು ಸರ್ವರೇ ತನಗಿಟ್ಟುಕೊಂಡ ಹೆಸರು, ಅದಕ್ಕೆ ಬರೆದದ್ದು ನೇರ ಪೋಸ್ಟ್‌ಮಾಸ್ಟರ್‌ಗೆ ಹೋಗುವಂತೆ ಮೊದಲೇ ಏರ್ಪಾಡಾಗಿರುತ್ತದೆ. ಖಡಕ್ ಪತ್ರ ತಪ್ಪದೆ ಅವರ ಪೆಟ್ಟಿಗೆಗೇ ಬಂದು ಬಿದ್ದಿತ್ತು. ಬಾಲ ನೋಡಿದೆ: ಎಸ್. ಓದಿದ್ದಾರೆ, ಉತ್ತರಿಸಿಲ್ಲ.