ಉಪಮಾನಖಂಡ ಅಥವಾ ಪಕ್ಕದ ಬೆಂಚಿನ ಪ್ರಾಮಾಣ್ಯವಿಚಾರ

ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದವೆಂದು ಪ್ರಮಾಣಗಳು ನಾಲ್ಕೆಂಬುದು ನೈಯಾಯಿಕರ ಮತವಷ್ಟೆ. ಅವುಗಳಲ್ಲಿ ವಿದ್ಯಾರ್ಥಿಯು ತನ್ನನ್ನು ತಾನರಿಯಲು ಯಾವುದನ್ನು ಆಶ್ರಯಿಸುವನೆಂಬುದೇ ಪ್ರಕೃತ ಗ್ರಂಥದ ವಿಷಯವು. ಗಣಿತದ ಉತ್ತರಪತ್ರಿಕೆಯ ಮೇಲೆ ಕೆಂಪು ಶಾಯಿಯಲ್ಲಿ 78 ಎಂಬುದನ್ನು ಪ್ರತ್ಯಕ್ಷವಾಗಿ ಕಂಡ ಬಾಲಕನು, ಒಡನೆಯೇ ಹಿಗ್ಗದೆ ಕುಗ್ಗದೆ, ಪತ್ರಿಕೆಯ ಆ ಮೂಲೆಯನ್ನು ಮಡಿಸಿಟ್ಟು ಪಕ್ಕದವನ ಕಡೆಗೆ ಕತ್ತು ಚಾಚುವನು. ಅಲ್ಲಿ 81 ಇದ್ದರೆ ಶೋಕವೂ 74 ಇದ್ದರೆ ಪರಮಾನಂದವೂ, ತಾನು ಬರೆದುದರಲ್ಲಿ ಒಂದಕ್ಷರವೂ ವ್ಯತ್ಯಾಸವಾಗದೆ, ಉಂಟಾಗುವುವು. ಆದಕಾರಣ ಉಪಮಾನವೇ ಬಲವತ್ತರವೆಂದು ಸಿದ್ಧವಾಯಿತು.

ಇಲ್ಲಿ ಪೂರ್ವಪಕ್ಷ: ವಸ್ತುನಿಷ್ಠವಾದ ಅಳತೆಗೋಲು ದೊರೆಯದಿದ್ದಾಗ ಮನುಷ್ಯನು ತನ್ನನ್ನು ಇತರರೊಡನೆ ಹೋಲಿಸಿಕೊಳ್ಳುವನೆಂದು ಅಮೆರಿಕದ ಲಿಯಾನ್ ಫೆಸ್ಟಿಂಗರ್ ಮಹಾಶಯರು 1954ರಲ್ಲಿ ಪ್ರತಿಪಾದಿಸಿದರು. ಇದು ಅವ್ಯಾಪ್ತಿದೋಷದಿಂದ ದುಷ್ಟವು. ಹೇಗೆಂದರೆ, ನಮ್ಮ ಎಸ್ಸೆಸ್ಸೆಲ್ಸಿಯಲ್ಲಿ 625 ಅಂಕಗಳ ಅಳತೆಗೋಲನ್ನು ಎಷ್ಟೋ ವರ್ಷಗಳಿಂದ ಅಚ್ಚುಹಾಕಿಸಿಯೇ ಕೊಟ್ಟಿದ್ದರೂ, ಫಲಿತಾಂಶದ ದಿನ ಮನೆಯಲ್ಲಿ ಹೊರಡುವ ಮೊದಲ ಪ್ರಶ್ನೆ "ಎದುರುಮನೆಯವನಿಗೆಷ್ಟು ಬಂತಂತೆ?" ಎಂಬುದೇ.

ಸಮಾನ ಸಾಮರ್ಥ್ಯದ ಇಬ್ಬರಲ್ಲಿ ಜಾಣರೇ ಕಿಕ್ಕಿರಿದ ಶಾಲೆಯನ್ನು ಸೇರಿದವನು ತನ್ನನ್ನು ಅಲ್ಪನೆಂದೂ, ಸಾಮಾನ್ಯ ಶಾಲೆಯವನು ಅಧಿಕನೆಂದೂ ಎಣಿಸುವುದನ್ನು 1984ರಲ್ಲಿ ಆಸ್ಟ್ರೇಲಿಯದ ಮಾರ್ಷ್ ಮತ್ತು ಪಾರ್ಕರ್ ಪಂಡಿತರು ನಿರೂಪಿಸಿ, ನಮ್ಮವರು ಬಾವಿಯಲ್ಲಿ ಕಪ್ಪೆಗೆ ಕೊಟ್ಟಿದ್ದ ಪದವಿಯನ್ನು ಸಣ್ಣ ಕೊಳದ ದೊಡ್ಡ ಮೀನಿಗೆ ದಯಪಾಲಿಸಿದರು. ತಾಲ್ಲೂಕಿಗೇ ಮೊದಲಿಗನಾಗಿ ಬೆಂಗಳೂರಿನ ಪಿಯು ಕಾಲೇಜಿನ 'ಎ' ಸೆಕ್ಷನ್ನು ಸೇರಿದ ಹುಡುಗನು ಮೊದಲನೆಯ ಕಿರುಪರೀಕ್ಷೆಯೊಳಗಾಗಿ ದಡ್ಡನಾಗುವುದಕ್ಕೆ ಇದೇ ಕಾರಣವಲ್ಲದೆ, ಬುದ್ಧಿಯು ದಾರಿಯಲ್ಲಿ ಬಸ್ಸಿನಲ್ಲುಳಿದುದಲ್ಲ.

ಇನ್ನು ಬುದ್ಧಿಯು ಸ್ಥಿರವೋ ವರ್ಧಿಷ್ಣುವೋ ಎಂಬ ಮತಭೇದವನ್ನು ಕ್ಯಾರಲ್ ಡ್ವೆಕ್ ಎಂಬ ವಿದುಷಿಯು ವಿಸ್ತರಿಸಿರುವಳು. ಸ್ಥಿರವಾದಿಗೆ ಪಕ್ಕದವನ 81 ಎಂಬುದು ಹಣೆಬರಹ. ವೃದ್ಧಿವಾದಿಗೆ ಕೇವಲ ಸಮಾಚಾರ. ನಮ್ಮ ಗೃಹಸ್ಥರಾದರೋ ಉಭಯಮತಸ್ಥರು: ಮಗನಿಗೆ ಅಂಕ ಕಡಮೆಯಾದರೆ ಅದು ಸೋದರಮಾವನಿಂದ ಬಂದ ಬುದ್ಧಿ, ಹೆಚ್ಚಾದರೆ ತಾವು ತೆತ್ತ ಟ್ಯೂಷನ್ ಫೀಜಿನ ಫಲ.

ಫಲಶ್ರುತಿ: ಪಕ್ಕದವನ ಪತ್ರಿಕೆಯನ್ನು ನೋಡದೆ ಇರಲಾರದ ವಿದ್ಯಾರ್ಥಿಯು ಅಂಕವಿರುವ ಮೊದಲ ಪುಟವನ್ನು ಬಿಟ್ಟು, ತಾನು ತಪ್ಪಿದ ಲೆಕ್ಕವನ್ನು ಅವನು ಬಿಡಿಸಿರುವ ಒಳಪುಟವನ್ನು ನೋಡತಕ್ಕದ್ದು. ಈ ಗ್ರಂಥವನ್ನು ಮಾತ್ರ ಅನ್ಯಗ್ರಂಥಗಳೊಡನೆ ಹೋಲಿಸಕೂಡದು. ಹೋಲಿಸಲೇಬೇಕಾದಲ್ಲಿ ಇದಕ್ಕಿಂತ ಕಳಪೆಯಾದುದನ್ನೇ ಆರಿಸಿಕೊಳ್ಳಬೇಕೆಂದು ಗ್ರಂಥಕರ್ತನ ವಿಜ್ಞಾಪನೆ.