ಒಲೆ ಮುಂದೆ ಪೋಸ್ಟಿಂಗು

ನಮ್ಮವಳಿಗೆ ಪಿಎಚ್.ಡಿ. ಮಾಡಲು ಅಮೆರಿಕದಿಂದ ಎರಡು ಕರೆ ಬಂದವು. ಒಂದು ಮಿನ್ನೆಸೋಟ, ಇನ್ನೊಂದು ಅರಿಜೋನ. ದಾವಣಗೆರೆಯವನಾದ ನನ್ನ ಲೆಕ್ಕದಲ್ಲಿ ಒಂದು ಫ್ರಿಜ್ಜು, ಇನ್ನೊಂದು ಬಾಣಲೆ.

ಏಪ್ರಿಲ್ 15ರೊಳಗೆ ಉತ್ತರ ಕೊಡಬೇಕು. ಅವಳು ಗೈಡ್ ಯಾರು, ಸ್ಟೈಪೆಂಡ್ ಎಷ್ಟು ಎಂದು ನೋಡಿದಳು. ನಾನು ತೊಗರಿಬೇಳೆ ಅಂಗಡಿ ಎಷ್ಟು ದೂರ ಎಂದು ನೋಡಿದೆ. ಕಾರಣವಿದೆ. ವಿದ್ಯಾರ್ಥಿಯ ಗಂಡನಿಗೋ ಹೆಂಡತಿಗೋ ಸಿಗುವ ಎಫ್-2 ವೀಸಾದಲ್ಲಿ ದುಡಿಯುವ ಹಾಗಿಲ್ಲ. 6 ವರ್ಷ ಬ್ಯಾಂಕಿನಲ್ಲಿದ್ದವನಿಗೆ ಅಮೆರಿಕ ಸರ್ಕಾರವೇ ಒಲೆ ಮುಂದೆ ಪೋಸ್ಟಿಂಗ್ ಕೊಟ್ಟ ಹಾಗೆ. ಅದೂ ಐದಾರು ವರ್ಷ, ಟ್ರಾನ್ಸ್‌ಫರ್ ಇಲ್ಲದೆ!

"ಅಲ್ವೋ, ಹೆಂಡ್ತಿ ಗಂಡನ ಹಿಂದೆ ಹೋಗೋದು ಕೇಳಿದ್ದೆ..." ಎಂದು ಅಮ್ಮ ಮಾತು ಅರ್ಧಕ್ಕೇ ನಿಲ್ಲಿಸಿದಳು. ಮಾವನವರಿಗೆ ಮಾತ್ರ ಖುಷಿಯೋ ಖುಷಿ. "ಅಳಿಯಂದ್ರೇ, ಸಾರಿನ ಪುಡಿ ಎಷ್ಟು ಕೆಜಿ ಮಾಡ್ಸೋಣ?"

14ರ ರಾತ್ರಿ ಅವಳು ಕೇಳಿದಳು: "ನಿಮ್ಗೆ ಯಾವ್ದು ಇಷ್ಟ ರೀ?"

"ಅರಿಜೋನ. ಹಪ್ಪಳ ಚೆನ್ನಾಗಿ ಒಣಗುತ್ತೆ."

"ಮಿನ್ನೆಸೋಟದ ಗೈಡ್ ತುಂಬಾ ಒಳ್ಳೆಯವರಂತೆ" ಎನ್ನುತ್ತಾ ಅಲ್ಲಿಗೇ ಒಪ್ಪಿಗೆ ಕಳಿಸಿಬಿಟ್ಟಳು. ಕೇಳಿದ್ದೇ ಮರ್ಯಾದೆ ಅಂದುಕೊಂಡೆ. ಈಗ ಕಿವಿ ಪೂರ್ತಿ ಮುಚ್ಚುವ ಉಣ್ಣೆ ಟೋಪಿ ಹುಡುಕುತ್ತಿದ್ದೇನೆ. ಅಮ್ಮ ಫೋನ್ ಮಾಡಿದಾಗಲೂ ಅನುಕೂಲ.